ಕಸಿಯ ನಂತರದ ಮನೆ

ರಕ್ತದ ಕ್ಯಾನ್ಸರ್‌ಗೆ ದಾನಿಯ ಸ್ಟೆಮ್ ಸೆಲ್ ಕಸಿ ಮಾಡಿದ ಮೇಲೆ ಕೆಲವು ವಾರ ರೋಗಿಯ ರಕ್ತದಲ್ಲಿ ಬಿಳಿ ಕಣಗಳು ಇಲ್ಲವೆನ್ನುವಷ್ಟು ಕಡಿಮೆ. ಸೋಂಕಿನ ಭಯಕ್ಕೆ ಆ ಅವಧಿಯನ್ನು ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಕಳೆಯುವುದು ರೂಢಿ. ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಹುಡಿಂಗೆ ಆಸ್ಪತ್ರೆ 1998ರಲ್ಲಿ ಇದನ್ನು ಮುರಿದು, ಬಯಸಿದವರನ್ನು ಮನೆಗೆ ಕಳಿಸಿತು. ಕಸಿ ವಿಭಾಗದ ನರ್ಸ್ ದಿನವೂ ಮನೆಗೆ ಬರುತ್ತಿದ್ದರು, ವೈದ್ಯರು ಫೋನಿನಲ್ಲಿ ವಿಚಾರಿಸುತ್ತಿದ್ದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ಹುಟ್ಟಿಸುವಂಥದು: ಮನೆಯಲ್ಲಿದ್ದವರಿಗೆ ಡ್ರಿಪ್ ಮೂಲಕ ಪೋಷಣೆ ಕೊಡಬೇಕಾದ ದಿನಗಳು ಕಡಿಮೆ, ದಾನಿಯ ಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ ತೊಡಕೂ ಕಡಿಮೆ.

ಆದರೆ ಮನೆಯವರ ಹೆಗಲಿಗೆ ಬೀಳುವ ಭಾರ ಸಣ್ಣದಲ್ಲ. ಮಾತ್ರೆಯ ಹೊತ್ತು, ನಡುರಾತ್ರಿಯ ಜ್ವರ, ಅಡುಗೆಯ ಶುಚಿ ಎಲ್ಲವೂ ಅವರದೇ. ಕರೆದರೆ ಓಗೊಡುವ, ಪರಿಚಯದ ನರ್ಸ್ ಇದ್ದಾಗ ಮಾತ್ರ ಮನೆ ಸುರಕ್ಷಿತ.

ನಮ್ಮಲ್ಲಿ ಬೀದರ್, ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದು ಕಸಿ ಮಾಡಿಸಿಕೊಂಡವರಿಗೆ ಬಿಡುಗಡೆಯ ನಂತರವೂ ತಿಂಗಳುಗಟ್ಟಲೆ ಬಾಡಿಗೆ ಕೋಣೆಯೇ ಮನೆ. ಅದರ ಬಾಡಿಗೆಯನ್ನೂ ಅಲ್ಲಿಗೆ ನರ್ಸ್ ಭೇಟಿಯನ್ನೂ ಸರ್ಕಾರ ಚಿಕಿತ್ಸೆಯ ವೆಚ್ಚದಲ್ಲೇ ಸೇರಿಸಬೇಕು.