ಪ್ರಿಂಟರ್ ಹೆಡ್ ಬ್ಲಾಕ್ ಆಗಿದೆಯೇ? ಸ್ಯಾನಿಟೈಸರ್ ಹಾಕುವ ಮುನ್ನ ಇದನ್ನು ಓದಿ

"ಪ್ರಿಂಟ್ ತೆಗೆದರೆ ಬಿಳಿ ಗೆರೆ ಬರುತ್ತಿದೆಯೇ? ರಿಪೇರಿಗೆ ಕೊಡಬೇಡಿ, ಎರಡು ಹನಿ ಸ್ಯಾನಿಟೈಸರ್ ಹಾಕಿ ಸಾಕು." ಇಂಥ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ, ಚಿಕ್ಕ ವಿಡಿಯೋಗಳಲ್ಲಿ ಆಗಾಗ ಕಾಣಿಸುತ್ತವೆ. ಒಮ್ಮೆ ಸ್ಯಾನಿಟೈಸರ್, ಇನ್ನೊಮ್ಮೆ ಥಿನ್ನರ್, ಮತ್ತೊಮ್ಮೆ ವಿನೆಗರ್ ಅಥವಾ ಕುದಿಯುವ ನೀರು. ಇವುಗಳಲ್ಲಿ ಯಾವುದು ನಿಜ?

ಕೊಪ್ಪಳ ಜಿಲ್ಲೆಯ ತಾವರಗೇರಾದಂಥ ಊರುಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಹಾಲ್ ಟಿಕೆಟ್, ಪಾಸ್‌ಪೋರ್ಟ್ ಅಳತೆಯ ಫೋಟೊ ಎಲ್ಲವೂ ಝೆರಾಕ್ಸ್ ಅಂಗಡಿ ಅಥವಾ ಆನ್‌ಲೈನ್ ಸೆಂಟರಿನ ಒಂದು ಪ್ರಿಂಟರಿನಿಂದಲೇ ಬರಬೇಕು. ಅದು ನಿಂತರೆ ಅಂಗಡಿಯವರ ಅಂದಿನ ದುಡಿಮೆಯೂ ನಿಲ್ಲುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಹೆಡ್ ಅತ್ಯಂತ ದುಬಾರಿ ಭಾಗಗಳಲ್ಲಿ ಒಂದು. ಅದನ್ನು ಹಾಳು ಮಾಡಿಕೊಂಡರೆ ಹೊಸ ಪ್ರಿಂಟರನ್ನೇ ಕೊಳ್ಳುವುದು ಮೇಲು ಅನ್ನಿಸುವ ಸ್ಥಿತಿ ಬರುತ್ತದೆ.

ಹೆಡ್ ಕಟ್ಟಿಕೊಳ್ಳುವುದು ಏಕೆ?

ಹೆಡ್‌ನ ತಳದಲ್ಲಿ ನೂರಾರು ಸೂಕ್ಷ್ಮ ರಂಧ್ರಗಳಿರುತ್ತವೆ. ಇವೇ ನಾಝಲ್‌ಗಳು. ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್ ಇದ್ದರೆ, ಒಂದು ನಾಝಲ್‌ನ ಅಗಲ ಸುಮಾರು 20 ಮೈಕ್ರಾನ್. ಅಂದರೆ ಕೂದಲು ಕೂಡ ತೂರದಷ್ಟು ಚಿಕ್ಕದು.

ಎಚ್‌ಪಿ ಮತ್ತು ಕ್ಯಾನನ್ ಕಂಪನಿಗಳ ಮನೆಬಳಕೆಯ ಪ್ರಿಂಟರ್‌ಗಳಲ್ಲಿ ಒಂದು ಪುಟ್ಟ ಹೀಟರ್ ಇಂಕನ್ನು ಕ್ಷಣಮಾತ್ರದಲ್ಲಿ ಕಾಯಿಸುತ್ತದೆ. ಆಗ ಹುಟ್ಟುವ ಗುಳ್ಳೆ ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಎಪ್ಸನ್ ಮತ್ತು ಬ್ರದರ್‌ನಲ್ಲಿ ಕಾಯಿಸುವ ಕೆಲಸವಿಲ್ಲ. ವಿದ್ಯುತ್ ಕೊಟ್ಟರೆ ಬಾಗುವ ಪೀಜೋ ಎಂಬ ವಸ್ತು ಇಂಕನ್ನು ಒತ್ತಿ ಹೊರಹಾಕುತ್ತದೆ.

ಇಂಕ್‌ನಲ್ಲಿ ಹೆಚ್ಚಿನ ಪಾಲು ನೀರೇ. ಅದು ಬೇಗ ಒಣಗದಿರಲಿ ಎಂದು ಗ್ಲಿಸರಿನ್‌ನಂಥ ವಸ್ತುಗಳನ್ನು ಸೇರಿಸಿರುತ್ತಾರೆ. ಆದರೂ ನಾಝಲ್ ಗಾಳಿಗೆ ತೆರೆದುಕೊಂಡರೆ ನೀರು ಆರಿ, ಇಂಕ್ ಮಂದವಾಗಿ, ಕೊನೆಗೆ ಗಟ್ಟಿಯಾಗುತ್ತದೆ. ಇದನ್ನು ತಡೆಯಲೆಂದೇ ಕೆಲಸ ಮುಗಿದ ಮೇಲೆ ಹೆಡ್ ಬಲಬದಿಗೋ ಎಡಬದಿಗೋ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪೆನ್ನಿಗೆ ಕ್ಯಾಪ್ ಹಾಕಿದ ಹಾಗೆ.

ನಮ್ಮಲ್ಲಿ ತೊಂದರೆ ಆಗುವುದು ಇಲ್ಲೇ. ಪ್ರಿಂಟ್ ನಡೆಯುವಾಗ ಕರೆಂಟ್ ಹೋದರೆ, ಅಥವಾ ನಾವೇ ಗೋಡೆಯ ಸ್ವಿಚ್ ಆರಿಸಿದರೆ, ಹೆಡ್ ದಾರಿಯ ನಡುವೆಯೇ ತೆರೆದ ಬಾಯಿಯಲ್ಲಿ ನಿಲ್ಲುತ್ತದೆ. ಬೇಸಿಗೆಯ ಒಣ ಹವೆಯಲ್ಲಿ ಇಂಕ್ ಇನ್ನೂ ಬೇಗ ಒಣಗುತ್ತದೆ. ಧೂಳು ಬೇರೆ ಸೇರಿಕೊಳ್ಳುತ್ತದೆ.

ಇಂಕ್‌ನಲ್ಲೂ ಎರಡು ಬಗೆ ಇದೆ. ಡೈ ಇಂಕ್‌ನ ಬಣ್ಣ ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಒಣಗಿದರೂ ಸಾಮಾನ್ಯವಾಗಿ ಮತ್ತೆ ಕರಗುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಅದು ಒಣಗಿದರೆ ಬಣ್ಣ ಬಳಿದ ಗೋಡೆಯಂತೆ ಪದರ ಕಟ್ಟುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಕ್ಯಾನನ್ ಜಿ ಸರಣಿಯ ಹಲವು ಮಾದರಿಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಬಣ್ಣಗಳು ಡೈ. ಒಂದೇ ಪ್ರಿಂಟರಿನಲ್ಲಿ ಒಂದು ಬಣ್ಣಕ್ಕೆ ಫಲಿಸಿದ ಉಪಾಯ ಇನ್ನೊಂದಕ್ಕೆ ಫಲಿಸದಿರಲು ಇದೂ ಕಾರಣ.

ಫಾರ್ವರ್ಡ್ ಸಲಹೆಗಳು: ಯಾವುದು ಸರಿ, ಯಾವುದು ತಪ್ಪು?

ಸ್ಯಾನಿಟೈಸರ್: ಬೇಡ. ಜೆಲ್ ಸ್ಯಾನಿಟೈಸರನ್ನು ಗಟ್ಟಿ ಮಾಡಲು ಹಾಕಿದ ಅಂಟು ಪದಾರ್ಥ ಆಲ್ಕೋಹಾಲ್ ಆರಿದ ಮೇಲೆ ಅಲ್ಲೇ ಉಳಿಯುತ್ತದೆ. ರಂಧ್ರ ತೆರೆಯಲು ಹೋಗಿ ನಾವೇ ಹೊಸ ಬಿರಡೆ ಹಾಕಿದಂತೆ. ಆಲ್ಕೋಹಾಲ್‌ನಿಂದ ಕೆಲವು ಪಿಗ್ಮೆಂಟ್ ಇಂಕ್‌ಗಳ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ವಿದ್ಯುತ್ ಉಪಕರಣದ ಒಳಗೆ ಸುರಿದರೆ ಬೆಂಕಿಯ ಅಪಾಯವೂ ಇದೆ.

ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಪೆಟ್ರೋಲ್: ಖಂಡಿತ ಬೇಡ. ಮೊದಲ ಎರಡು ಹೆಡ್‌ನ ಪ್ಲಾಸ್ಟಿಕ್ ಮತ್ತು ಅಂಟನ್ನು ಕರಗಿಸಬಲ್ಲವು. ಪೆಟ್ರೋಲ್‌ಗೆ ನೀರಿನ ಇಂಕನ್ನು ಕರಗಿಸುವ ಗುಣವೇ ಇಲ್ಲ.

ವಿನೆಗರ್, ನಿಂಬೆರಸ: ಬೇಡ. ಹುಳಿ ಸೇರಿದರೆ ಹಾಲು ಒಡೆಯುವುದಿಲ್ಲವೇ? ಪಿಗ್ಮೆಂಟ್ ಇಂಕ್ ಕೂಡ ಹಾಗೆಯೇ ಒಡೆದು ಗಂಟುಕಟ್ಟಬಹುದು.

ನಲ್ಲಿ ನೀರು: ಬೇಡ. ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು. ಕುಷ್ಟಗಿ, ಯಲಬುರ್ಗಾ ಕಡೆ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ಗೊತ್ತು. ಆದರೆ ಪ್ರಿಂಟರಿಗೆ ತೊಂದರೆ ಕೊಡುವುದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ನಾಝಲ್‌ನಲ್ಲೂ ಕೂರುತ್ತದೆ. ಆರ್‌ಓ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ.

ಕುದಿಯುವ ನೀರು, ಸಿರಿಂಜಿನಿಂದ ಜೋರಾಗಿ ಒತ್ತುವುದು: ಬೇಡ. ಶಾಖಕ್ಕೆ ಅಂಟು ಬಿಡುತ್ತದೆ, ಒತ್ತಡಕ್ಕೆ ಒಳಗಿನ ಸೀಲ್ ಒಡೆಯುತ್ತದೆ. ಸೋರಿದ ದ್ರವ ಹೆಡ್‌ನ ವಿದ್ಯುತ್ ಸಂಪರ್ಕಕ್ಕೆ ತಗುಲಿದರೆ ಶಾರ್ಟ್ ಆಗುತ್ತದೆ.

ಹಾಗಿದ್ದರೆ ಕೆಲವರಿಗೆ ಸರಿಹೋಗಿದ್ದು ಹೇಗೆ?

ಅವರು ಸುಳ್ಳು ಹೇಳುತ್ತಿಲ್ಲ. ಹಲವು ಬ್ಲಾಕ್‌ಗಳು ಮೆತ್ತಗಿರುತ್ತವೆ. ಯಾವುದೇ ದ್ರವದ ತೇವ ತಗುಲಿದರೂ, ಒಮ್ಮೊಮ್ಮೆ ಸುಮ್ಮನೆ ಕಾದರೂ ಬಿಡುತ್ತವೆ. ಕೀರ್ತಿ ಮಾತ್ರ ಸ್ಯಾನಿಟೈಸರಿಗೆ ಸಲ್ಲುತ್ತದೆ. ಇನ್ನೊಂದು ಸಂಗತಿ: ಪ್ರಿಂಟರ್ ಸರಿಹೋದವರು ವಿಡಿಯೋ ಮಾಡುತ್ತಾರೆ, ಹೆಡ್ ಸುಟ್ಟುಕೊಂಡವರು ಮಾಡುವುದು ಕಡಿಮೆ. ಹಾಗಾಗಿ ನಮ್ಮ ಮೊಬೈಲಿಗೆ ಬರುವುದು ಹೆಚ್ಚಾಗಿ ಗೆದ್ದವರ ಕತೆಯೇ.

ಗೆರೆ ಬಂದ ಮಾತ್ರಕ್ಕೆ ಬ್ಲಾಕ್ ಎಂದೂ ಅಲ್ಲ. ಟ್ಯಾಂಕ್‌ನಲ್ಲಿ ಇಂಕ್ ಕಡಿಮೆಯಾಗಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು. ಹೀಟರ್ ಇರುವ ಹೆಡ್‌ನಲ್ಲಿ ಇಂಕ್ ಇಲ್ಲದೆ ಪ್ರಿಂಟ್ ಕೊಡುತ್ತಾ ಹೋದರೆ ಹೀಟರೇ ಸುಟ್ಟುಹೋಗಬಹುದು. ಅದನ್ನು ಯಾವ ದ್ರವವೂ ಸರಿಮಾಡಲಾರದು.

ಮಾಡಬೇಕಾದದ್ದೇನು?

1. ಮೊದಲು ಇಂಕ್ ಮಟ್ಟ ನೋಡಿ. ನಂತರ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ 'ನಾಝಲ್ ಚೆಕ್' ಕೊಡಿ. ಯಾವ ಬಣ್ಣ ಎಲ್ಲಿ ತುಂಡಾಗಿದೆ ಎಂಬುದು ಕಾಗದದ ಮೇಲೆ ಕಾಣುತ್ತದೆ.

2. 'ಹೆಡ್ ಕ್ಲೀನಿಂಗ್' ಎರಡು-ಮೂರು ಸಲ ಸಾಕು. ಪ್ರತಿ ಸಲವೂ ಇಂಕ್ ಖರ್ಚಾಗಿ ಒಳಗಿನ ವೇಸ್ಟ್ ಇಂಕ್ ಪ್ಯಾಡ್ ಸೇರುತ್ತದೆ. ಪ್ಯಾಡ್ ತುಂಬಿತೆಂದು ಲೆಕ್ಕ ಬಂದರೆ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ.

3. ಆಗಲೂ ಸರಿಯಾಗದಿದ್ದರೆ ಕಾಯಿರಿ. ಎಪ್ಸನ್‌ನ ಕೆಲವು ಇಂಕ್ ಟ್ಯಾಂಕ್ ಮಾದರಿಗಳ ಕೈಪಿಡಿಯೇ 12 ಗಂಟೆ ಪ್ರಿಂಟ್ ಕೊಡದೆ ಬಿಟ್ಟು, ಮತ್ತೆ ಪರೀಕ್ಷಿಸಲು ಹೇಳುತ್ತದೆ.

4. ಹೆಡ್ ಕಾರ್ಟ್ರಿಜ್‌ನಲ್ಲೇ ಇದ್ದರೆ, ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿದ, ನೂಲು ಬಿಡದ ಬಟ್ಟೆಯ ಮೇಲೆ ನಾಝಲ್ ಭಾಗವನ್ನು ಒಂದೆರಡು ನಿಮಿಷ ಮೆಲ್ಲಗೆ ಇಡಬಹುದು. ಉಜ್ಜಬೇಡಿ. ಕೆಟ್ಟರೂ ಹೊಸ ಕಾರ್ಟ್ರಿಜ್ ಜೊತೆ ಹೊಸ ಹೆಡ್ ಬರುತ್ತದೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲೇ ಆಸಿಡ್ ಕೂಡ ಮಾರುತ್ತಾರೆ, ಲೇಬಲ್ ಓದಿ ತನ್ನಿ.

5. ಹೆಡ್ ಪ್ರಿಂಟರಿನೊಳಗೇ ಇದ್ದರೆ, ಅದರಲ್ಲೂ ವಾರಂಟಿ ಇದ್ದರೆ, ಬಿಚ್ಚದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಬ್ಲಾಕ್ ಆಗದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ವಾರಕ್ಕೊಮ್ಮೆಯಾದರೂ ಎಲ್ಲ ಬಣ್ಣವಿರುವ ಒಂದು ಪುಟ ತೆಗೆಯಿರಿ. ಪ್ರಿಂಟರನ್ನು ಅದರ ಬಟನ್‌ನಿಂದಲೇ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್ ಆರಿಸಿ. ಕರೆಂಟ್ ಹೋಗಿ ನಿಂತಿದ್ದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಹೆಡ್ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ತಿಂಗಳಿಗೊಮ್ಮೆ ನಾಲ್ಕು ಪುಟ ತೆಗೆಯುವವರಿಗೆ ಲೇಸರ್ ಪ್ರಿಂಟರ್ ಹೆಚ್ಚು ಸೂಕ್ತ. ಅದರಲ್ಲಿರುವುದು ಒಣ ಪುಡಿ, ಕಟ್ಟಿಕೊಳ್ಳಲು ನಾಝಲ್ಲೇ ಇಲ್ಲ.

ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ: ಇದು ಯಾವ ಬಗೆಯ ಹೆಡ್‌ಗೆ? ಯಾವ ಇಂಕ್‌ಗೆ? ಹಾಕಿದ ದ್ರವ ಒಣಗಿದ ಮೇಲೆ ಏನು ಉಳಿಯುತ್ತದೆ? ಮೆಸೇಜಿನಲ್ಲಿ ಉತ್ತರವಿಲ್ಲದಿದ್ದರೆ ಅದನ್ನು ಯಾರಿಗೂ ಕಳಿಸಬೇಡಿ. ಅದನ್ನು ನಂಬಿ ಪ್ರಯೋಗ ಮಾಡುವವರ ಪ್ರಿಂಟರ್ ಅವರ ಹೊಟ್ಟೆಪಾಡಿನ ಸಾಧನವೂ ಆಗಿರಬಹುದು.