ಷೇರಿನ ಬೆಲೆ, ಹೊಂಡದ ಬೆಲೆ

ಯುರೇನಿಯಂ ಆಕ್ಸೈಡಿನ ಬೆಲೆ 2024ರ ಜನವರಿಯಲ್ಲಿ ಪೌಂಡಿಗೆ ನೂರು ಅಮೆರಿಕನ್ ಡಾಲರುಗಳನ್ನು ದಾಟಿತು. 2007ರ ನಂತರ ಕಂಡಿರದ ಏರಿಕೆ ಅದು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಆಸ್ಟ್ರೇಲಿಯಾದ ಹಳೆಯ ಯುರೇನಿಯಂ ಕಂಪನಿಯೊಂದು ತನ್ನ ಹೊಸ ಷೇರುಗಳನ್ನು ಒಂದು ಸೆಂಟಿನ ಐದನೆಯ ಒಂದು ಭಾಗಕ್ಕೆ, ಅಂದರೆ 0.2 ಸೆಂಟಿಗೆ ಹಂಚಿತು. ಸರಕಿಗೆ ಚಿನ್ನದ ಬೆಲೆ ಬಂದ ವರ್ಷದಲ್ಲೇ ಸರಕಿನ ಒಡೆಯನ ಷೇರು ಕಸದ ಬೆಲೆಗೆ ಇಳಿದ ಈ ವಿಚಿತ್ರವನ್ನು ಗಣಿಯ ಹೆಸರು ಕೇಳಿದರೆ ಬೆಚ್ಚುವ ಮಲೆನಾಡಿನ ಜನ ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ.

ಕಂಪನಿಯ ಹೆಸರು ಎನರ್ಜಿ ರಿಸೋರ್ಸಸ್ ಆಫ್ ಆಸ್ಟ್ರೇಲಿಯಾ; ಪೇಟೆಯ ಭಾಷೆಯಲ್ಲಿ ಇ.ಆರ್.ಎ. ಆ ದೇಶದ ಉತ್ತರ ತುದಿಯಲ್ಲಿ, ಕಕಾಡು ರಾಷ್ಟ್ರೀಯ ಉದ್ಯಾನದ ನಡುವೆ, ಉದ್ಯಾನದ ಗಡಿಯಿಂದ ಕತ್ತರಿಸಿ ಹೊರಗಿಟ್ಟ 79 ಚದರ ಕಿಲೋಮೀಟರ್ ನೆಲದಲ್ಲಿ ಅದರ ರೇಂಜರ್ ಗಣಿ ಇತ್ತು. 1980ರಲ್ಲಿ ಷೇರುಗಳು ಸಾರ್ವಜನಿಕರಿಗೆ ದೊರೆತಾಗ ಉಪಾಧ್ಯಾಯರು, ನಿವೃತ್ತ ನೌಕರರು, ಸಣ್ಣ ವ್ಯಾಪಾರಿಗಳಂಥವರೂ ಕೊಳ್ಳಬಹುದಾದ ಸರಕಾಗಿ ಯುರೇನಿಯಂ ಮಾರ್ಪಟ್ಟಿತು. ನೆಲದ ಮೂಲ ಒಡೆಯರಾದ ಮಿರಾರ್ ಜನರ ಒಪ್ಪಿಗೆಯ ಪ್ರಶ್ನೆ ಅಷ್ಟರೊಳಗೆ ಮುಗಿದುಹೋಗಿತ್ತು. 1976ರ ಭೂಹಕ್ಕು ಕಾಯ್ದೆ ಮೂಲನಿವಾಸಿಗಳಿಗೆ ಗಣಿಯನ್ನು ನಿರಾಕರಿಸುವ ಅಧಿಕಾರ ಕೊಟ್ಟಿತಾದರೂ ರೇಂಜರ್ ಯೋಜನೆಯನ್ನು ಮಾತ್ರ ಆ ಅಧಿಕಾರದಿಂದ ಹೊರಗಿಟ್ಟಿತ್ತು. ಕಾಯ್ದೆಯ ಹೆಸರು ಭೂಹಕ್ಕು, ಅದರ ಒಂದು ಉಪವಿಧಿ ಮಾತ್ರ ಹಕ್ಕಿನ ಅಪಹಾರ.

ಮುಂದಿನ ಮೂರು ದಶಕಗಳಲ್ಲಿ ಲಾಭಾಂಶ ಬಂತು, ಬೆಲೆ ಏರಿತು, ಇಳಿಯಿತು. 2000ದ ಆಸುಪಾಸಿನಲ್ಲಿ ಪೌಂಡಿಗೆ ಏಳೆಂಟು ಡಾಲರಿನಷ್ಟಿದ್ದ ಯುರೇನಿಯಂ 2007ರ ಜೂನ್ ವೇಳೆಗೆ 136 ಡಾಲರಿಗೆ ಮುಟ್ಟಿತು. ಕೆನಡಾದ ಸಿಗಾರ್ ಲೇಕ್ ಗಣಿಗೆ 2006ರ ಅಕ್ಟೋಬರಿನಲ್ಲಿ ನೀರು ನುಗ್ಗಿದ್ದು ಈ ಏರಿಕೆಗೆ ಒಂದು ಕಾರಣ. ಒಂದು ಗಣಿ ಮುಳುಗಿದರೆ ಮತ್ತೊಂದು ಗಣಿಯ ಷೇರುದಾರ ಸಂತೋಷಪಡುವ ಲೋಕ ಅದು. ಮರುವರ್ಷ ಮಳೆಗೆ ರೇಂಜರ್ ಗಣಿಯ ಹೊಂಡವೇ ತುಂಬಿಕೊಂಡಾಗ ಆ ಸಂತೋಷ ಬೇರೆಯವರ ಪಾಲಾಯಿತು. ಆದರೂ ಆ ವರ್ಷಗಳಲ್ಲಿ ಇ.ಆರ್.ಎ. ಷೇರು 20 ಡಾಲರುಗಳನ್ನು ದಾಟಿತ್ತು. ಆಗ 20 ಸಾವಿರ ಡಾಲರು ತೆತ್ತು ಸಾವಿರ ಷೇರು ಕೊಂಡು ಹಾಗೆಯೇ ಇಟ್ಟುಕೊಂಡವನ ಕೈಯಲ್ಲಿ, 0.2 ಸೆಂಟಿನ ಲೆಕ್ಕದಲ್ಲಿ, ಉಳಿದದ್ದು ಎರಡು ಡಾಲರು.

ಸಣ್ಣ ಹೂಡಿಕೆದಾರನ ದಿನಚರಿ ಬಹಳ ಮಟ್ಟಿಗೆ ಅಡಿಕೆ ಬೆಳೆಗಾರನ ದಿನಚರಿಯಂತೆಯೇ ಇದೆ. ಬೆಳಿಗ್ಗೆ ಎದ್ದು ಧಾರಣೆ ನೋಡುವುದು, ದೂರದ ಊರಿನ ಸುದ್ದಿಯೊಂದನ್ನು ತನ್ನ ಬೆಲೆಗೆ ಹೊಂದಿಸಿಕೊಳ್ಳುವುದು, ಮಾರಬೇಕೋ ಇಡಬೇಕೋ ಎಂದು ತೂಗುವುದು. ಕಜಕಿಸ್ತಾನದ ಉತ್ಪಾದನೆ ಎಷ್ಟು, ಜಪಾನಿನ ಸ್ಥಾವರಗಳು ಯಾವಾಗ ತೆರೆಯುತ್ತವೆ, ಚೀನಾ ಎಷ್ಟು ಹೊಸ ಸ್ಥಾವರ ಕಟ್ಟುತ್ತಿದೆ ಎಂಬುದೆಲ್ಲ ಅವನಿಗೆ ಕಂಠಪಾಠ. ಅದಿರಿನ ದರ್ಜೆ, ನೆಲದಡಿಯ ನಿಕ್ಷೇಪದ ಟನ್ನುಗಳು ಅವನ ನಾಲಿಗೆಯ ತುದಿಯಲ್ಲಿರುತ್ತವೆ. ಆದರೆ ವಾರ್ಷಿಕ ವರದಿಯ ಹಿಂಬದಿಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುವ ‘ಪುನರ್ವಸತಿ ಬಾಧ್ಯತೆ’ ಎಂಬ ಸಾಲಿನತ್ತ ಅವನ ಕಣ್ಣು ಹೋಗುವುದು ಅಪರೂಪ. ಗಣಿ ಮುಗಿದ ಮೇಲೆ ನೆಲವನ್ನು ಹಿಂದಿನಂತೆ ಮಾಡಿಕೊಡಲು ತಗಲುವ ವೆಚ್ಚ ಅದು. ಆ ಸಾಲೇ ಕೊನೆಗೆ ಕಂಪನಿಯನ್ನು ನುಂಗಿತು.

ಆ ಸಾಲು ಅಷ್ಟು ದೊಡ್ಡದಾಗಲು ಕಾರಣ ಯುರೇನಿಯಂ ಅದಿರಿನ ಸ್ವಭಾವದಲ್ಲಿಯೇ ಇದೆ. ಒಂದು ಟನ್ ಅದಿರನ್ನು ಪುಡಿಮಾಡಿ ಆಮ್ಲದಲ್ಲಿ ಕರಗಿಸಿದರೆ ಇಂಥ ಗಣಿಗಳಲ್ಲಿ ದೊರೆಯುವುದು ಕೆಲವೇ ಕಿಲೋ ಯುರೇನಿಯಂ. ಮಿಕ್ಕದ್ದೆಲ್ಲ ಕೆಸರು. ಆದರೆ ಅದಿರಿನಲ್ಲಿದ್ದ ವಿಕಿರಣದ ಶೇಕಡ 85ರಷ್ಟು ಮಾರಾಟವಾದ ಹಳದಿ ಪುಡಿಯಲ್ಲಿರುವುದಿಲ್ಲ, ಬಿಸಾಡಿದ ಕೆಸರಿನಲ್ಲಿ ಉಳಿಯುತ್ತದೆ. ಅದರಲ್ಲಿ 75 ಸಾವಿರ ವರ್ಷಗಳ ಅರ್ಧಾಯುಷ್ಯವುಳ್ಳ ಥೋರಿಯಂ-230 ಇದೆ, ಅದರಿಂದ ಹುಟ್ಟುತ್ತಲೇ ಇರುವ, 1,600 ವರ್ಷಗಳ ಅರ್ಧಾಯುಷ್ಯದ ರೇಡಿಯಂ-226 ಇದೆ. ರೇಡಿಯಂನಿಂದ ರೇಡಾನ್ ಅನಿಲ ಹೊರಡುತ್ತದೆ. ಹಿಟ್ಟಿನಷ್ಟು ನುಣ್ಣಗೆ ಅರೆದ ಕಾರಣ, ಬಂಡೆಯೊಳಗೆ ಭದ್ರವಾಗಿದ್ದುದು ನೀರಿಗೂ ಗಾಳಿಗೂ ಸುಲಭವಾಗಿ ಸಿಕ್ಕುತ್ತದೆ. ಆದುದರಿಂದಲೇ ಈ ಕೆಸರು 10,000 ವರ್ಷ ಪರಿಸರಕ್ಕೆ ಸೇರದಂತೆ ಬೇರ್ಪಟ್ಟಿರಬೇಕೆಂದು ಆಸ್ಟ್ರೇಲಿಯಾ ಸರ್ಕಾರ ರೇಂಜರಿಗೆ ಷರತ್ತು ವಿಧಿಸಿದೆ. ಸಿಂಧೂ ಬಯಲಿನ ಪಟ್ಟಣಗಳಿಗೆ ಇಂದಿಗೆ ಅದರ ಅರ್ಧದಷ್ಟು ವಯಸ್ಸು. ಕಂಪನಿ ಅದಿರು ಸಂಸ್ಕರಿಸಿದ್ದು ಸುಮಾರು 40 ವರ್ಷ.

ಎರಡನೆಯದು ಮಳೆ. ಮರುಭೂಮಿಯ ಗಣಿಗೂ ಮಳೆಯ ಸೀಮೆಯ ಗಣಿಗೂ ಇರುವ ಅಂತರವನ್ನು ಮಲೆನಾಡಿಗರಿಗೆ ವಿವರಿಸಬೇಕಾಗಿಲ್ಲ. ಕಕಾಡುವಿನಲ್ಲಿ ವರ್ಷದ ಸುಮಾರು 1,500 ಮಿಲಿಮೀಟರ್ ಮಳೆ ನವೆಂಬರಿನಿಂದ ಏಪ್ರಿಲಿನೊಳಗೆ ಸುರಿದುಹೋಗುತ್ತದೆ. ಗಣಿಯ ಮಗ್ಗುಲಲ್ಲೇ ಮಗೇಲಾ ಹೊಳೆ ಹರಿಯುತ್ತದೆ. ಅದು ಸೇರುವುದು ಹಕ್ಕಿಗಳಿಗೂ ಮೀನುಗಳಿಗೂ ಹೆಸರಾದ ಜೌಗುಪ್ರದೇಶಕ್ಕೆ. ಅಲ್ಲಿ ಹೊಂಡಕ್ಕೆ ಬಿದ್ದ ಪ್ರತಿ ಮಳೆಹನಿಯೂ ಮಲಿನ ನೀರಾಗುತ್ತದೆ. ಅದನ್ನೆಲ್ಲ ಹಿಡಿದಿಟ್ಟು ಶುದ್ಧಮಾಡಿಯೇ ಹೊರಬಿಡಬೇಕು. ಲೆಕ್ಕ ತಪ್ಪಿದ ಪ್ರಸಂಗಗಳೂ ಉಂಟು. 2004ರಲ್ಲಿ ಸಂಸ್ಕರಣೆಯ ನೀರು ಕಾರ್ಮಿಕರ ಕುಡಿಯುವ ನೀರಿನ ಕೊಳವೆಗೆ ಸೇರಿತು. ಕಂಪನಿ ತಪ್ಪೊಪ್ಪಿಕೊಂಡು 2005ರಲ್ಲಿ ಒಂದೂವರೆ ಲಕ್ಷ ಡಾಲರು ದಂಡ ತೆತ್ತಿತು. 2013ರ ಡಿಸೆಂಬರಿನಲ್ಲಿ ಆಮ್ಲಮಿಶ್ರಿತ ಕೆಸರಿನ ತೊಟ್ಟಿಯೊಂದು ಒಡೆದು ಹತ್ತು ಲಕ್ಷ ಲೀಟರಿಗೂ ಹೆಚ್ಚು ರಾಡಿ ಹೊರಚೆಲ್ಲಿತು.

ಗಣಿಗಾರಿಕೆ 2012ರಲ್ಲಿ ನಿಂತಿತು, ದಾಸ್ತಾನಾದ ಅದಿರಿನ ಸಂಸ್ಕರಣೆ 2021ರ ಜನವರಿಯಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಕಂಪನಿಗೆ ಉಳಿದ ಒಂದೇ ಕೆಲಸ ಹೊಂಡ ಮುಚ್ಚುವುದು. ಸರ್ಕಾರದ ವಶದಲ್ಲಿ ಠೇವಣಿ ನಿಧಿ ಇತ್ತು, ನಿಜ, ಸಾಲಲಿಲ್ಲ. 2019ರಲ್ಲಿ ಸುಮಾರು 97 ಕೋಟಿ ಆಸ್ಟ್ರೇಲಿಯನ್ ಡಾಲರೆಂದಿದ್ದ ಅಂದಾಜು 2022ರ ಫೆಬ್ರುವರಿಯಲ್ಲಿ 160ರಿಂದ 220 ಕೋಟಿಗೆ ಏರಿತು. ಹಣ ಹೊಂದಿಸಲು ಕಂಪನಿ ಮತ್ತೆ ಮತ್ತೆ ಹೊಸ ಷೇರು ಹೊರಡಿಸಿತು: ಮೊದಲು 15 ಸೆಂಟಿಗೆ, 2023ರಲ್ಲಿ 2 ಸೆಂಟಿಗೆ, 2024ರಲ್ಲಿ 0.2 ಸೆಂಟಿಗೆ. ಕೊನೆಯ ಬಾರಿ ಹಳೆಯ ಒಂದು ಷೇರಿಗೆ ಸುಮಾರು ಇಪ್ಪತ್ತು ಹೊಸ ಷೇರು. ಪ್ರತಿ ಸಲವೂ ಸಣ್ಣವನ ಮುಂದೆ ಎರಡೇ ದಾರಿ: ಮತ್ತಷ್ಟು ಹಣ ಸುರಿಯುವುದು, ಇಲ್ಲವೆ ತನ್ನ ಪಾಲು ನೀರಾಗುವುದನ್ನು ನೋಡುತ್ತ ಕೂರುವುದು. ಬಹುಪಾಲು ಒಡೆತನದ ರಿಯೋ ಟಿಂಟೋ ಪ್ರತಿ ಬಾರಿಯೂ ಹಣ ತಂದು ಶೇಕಡ 98ಕ್ಕೂ ಮೇಲೇರಿತು. ಉಳಿದವರ ಷೇರುಗಳನ್ನು ಅದೇ 0.2 ಸೆಂಟಿಗೆ ಕಡ್ಡಾಯವಾಗಿ ಕೊಳ್ಳುವುದಾಗಿ ಪ್ರಕಟಿಸಿತು. ಆ ದೈತ್ಯ ಕಂಪನಿಯ ಬೆನ್ನಿಲ್ಲದಿದ್ದರೆ ಹೊಂಡ ಮುಚ್ಚುವ ಭಾರ ತೆರಿಗೆದಾರರ ಹೆಗಲಿಗೆ ಬೀಳುತ್ತಿತ್ತು, ಅಥವಾ ಹೊಂಡ ಹಾಗೆಯೇ ಉಳಿಯುತ್ತಿತ್ತು.

ಹಾಗಾದರೆ ಕೆಲವರು ಕೊನೆಯವರೆಗೂ ಷೇರು ಹಿಡಿದು ಕುಳಿತದ್ದೇಕೆ? ಉತ್ತರ ಜಬಿಲುಕಾ. ರೇಂಜರಿನ ಪಕ್ಕದಲ್ಲೇ, ಮಿರಾರ್ ಜನರ ನೆಲದಲ್ಲೇ ಇರುವ ಈ ನಿಕ್ಷೇಪದಲ್ಲಿ 1 ಲಕ್ಷ 30 ಸಾವಿರ ಟನ್ನಿಗೂ ಹೆಚ್ಚು ಯುರೇನಿಯಂ ಆಕ್ಸೈಡ್ ಇದೆಯೆಂಬುದು ಕಂಪನಿಯ ಲೆಕ್ಕ. ಜಗತ್ತಿನಲ್ಲಿ ಇನ್ನೂ ಅಗೆಯದ ಬಹುದೊಡ್ಡ ನಿಕ್ಷೇಪಗಳಲ್ಲಿ ಅದೊಂದು. ಅದರ ವಿರುದ್ಧ 1998ರಲ್ಲಿ ಎಂಟು ತಿಂಗಳು ನಡೆದ ತಡೆ ಚಳವಳಿಯಲ್ಲಿ ಐನೂರಕ್ಕೂ ಹೆಚ್ಚು ಬಂಧನಗಳಾದವು. ಮಿರಾರ್ ಕುಲದ ಹಿರಿಯ ಇವಾನ್ ಮಾರ್ಗರುಲಾ ಮತ್ತು ಜ್ಯಾಕಿ ಕಟೋನಾ ಅವರಿಗೆ 1999ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಮಿರಾರ್ ಜನರ ಒಪ್ಪಿಗೆಯಿಲ್ಲದೆ ಅಲ್ಲಿ ಅಗೆಯುವುದಿಲ್ಲವೆಂದು 2005ರಲ್ಲಿ ಕಂಪನಿಯೇ ಬರೆದುಕೊಟ್ಟಿತು. ಹೂಡಿಕೆದಾರರಲ್ಲಿ ಒಂದು ವರ್ಗ ಈ ಒಪ್ಪಂದವನ್ನು ‘ಇಂದಲ್ಲ, ನಾಳೆ’ ಎಂದು ಓದಿಕೊಂಡಿತು. ಹಿರಿಯರು ಹೋಗುತ್ತಾರೆ, ಕಿರಿಯರು ಹಣಕ್ಕೆ ಒಪ್ಪುತ್ತಾರೆ ಎಂಬುದೇ ಆ ಓದಿನ ಒಳಾರ್ಥ. ಒಂದು ಸಮುದಾಯದ ‘ಬೇಡ’ ಎಂಬ ಮಾತಿನ ಮೇಲೆ ಕಟ್ಟಿದ ಈ ಜೂಜನ್ನು ಹಣಕಾಸಿನ ಭಾಷೆ ಜೂಜೆಂದು ಕರೆಯಲಿಲ್ಲ, ಆಸ್ತಿಯೆಂದು ಕರೆಯಿತು.

ಕಿರಿಯರೂ ಒಪ್ಪಲಿಲ್ಲ. 2011ರಲ್ಲಿ ಫುಕುಶಿಮಾ ದುರಂತವಾದಾಗ ಮಾರ್ಗರುಲಾ ಅವರು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಪತ್ರ ಬರೆದು, ಆ ಸ್ಥಾವರಕ್ಕೆ ಹೋದ ಇಂಧನದಲ್ಲಿ ತಮ್ಮ ನೆಲದ ಯುರೇನಿಯಂ ಇದ್ದಿರಬಹುದೆಂಬ ದುಃಖವನ್ನು ತೋಡಿಕೊಂಡಿದ್ದರು. ತಾವು ಬೇಡವೆಂದ ಗಣಿಯ ಸರಕಿಗೆ ತಾವೇ ನೊಂದುಕೊಂಡವರು ಅವರು. ಲಾಭಾಂಶ ಪಡೆದವರಿಂದ ಅಂಥ ಪತ್ರ ಹೋಗಲಿಲ್ಲ. 2024ರ ಜುಲೈಯಲ್ಲಿ ಜಬಿಲುಕಾ ಗುತ್ತಿಗೆಯ ನವೀಕರಣವನ್ನು ನಿರಾಕರಿಸಲಾಯಿತು. ಆ ನೆಲವನ್ನು ಕಕಾಡು ಉದ್ಯಾನಕ್ಕೆ ಸೇರಿಸುವುದಾಗಿ ಸರ್ಕಾರ ಪ್ರಕಟಿಸಿತು.

ಸಣ್ಣ ಷೇರುದಾರರನ್ನು ದೂಷಿಸಿ ಮುಗಿಸುವುದು ಸುಲಭ. ಅವರಲ್ಲಿ ಎಲ್ಲರೂ ಒಂದೇ ಬಗೆಯವರಲ್ಲ. ಇ.ಆರ್.ಎ. ಆಗ ನಾರ್ತ್ ಎಂಬ ಕಂಪನಿಯ ಹಿಡಿತದಲ್ಲಿತ್ತು. 1999ರಲ್ಲಿ ಆ ನಾರ್ತ್ ಕಂಪನಿಯ ಷೇರುದಾರರದೇ ಒಂದು ಗುಂಪು ಜಬಿಲುಕಾ ಪ್ರಶ್ನೆಯನ್ನು ಷೇರುದಾರರ ಸಭೆಯೊಳಗೇ ಎತ್ತಿತು. ಬಹುಮತ ಅವರದಾಗಿರಲಿಲ್ಲವಾದರೂ ಆಡಳಿತ ಮಂಡಳಿ ಉತ್ತರಿಸಲೇಬೇಕಾಯಿತು.

ಭಾರತದಲ್ಲಿ ಆ ಬಾಗಿಲೂ ಇರಲಿಲ್ಲ. ಜಾದೂಗುಡದಿಂದ ತುಮ್ಮಲಪಲ್ಲಿಯವರೆಗೆ ಯುರೇನಿಯಂ ಅಗೆದ ಯುರೇನಿಯಂ ಕಾರ್ಪೊರೇಷನ್ ಸರ್ಕಾರದ ಸಂಸ್ಥೆ. ಅದರ ಷೇರು ಪೇಟೆಯಲ್ಲಿಲ್ಲದ ಕಾರಣ ಸಭೆಯಲ್ಲಿ ಎದ್ದು ನಿಂತು ಕೇಳುವ ಷೇರುದಾರನಿಲ್ಲ. 1962ರ ಅಣುಶಕ್ತಿ ಕಾಯ್ದೆಯ ಗೋಪ್ಯತೆಯಡಿ ದಶಕಗಳ ಕಾಲ ಹಳ್ಳಿಯವನ ಪ್ರಶ್ನೆಗೂ ಉತ್ತರ ದುರ್ಲಭವಾಗಿತ್ತು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ನಿಕ್ಷೇಪ ಪತ್ತೆಯಾಗಿ ಗಣಿಯ ಪ್ರಸ್ತಾವ ಬಂದಾಗ ಊರವರು ವಿರೋಧಿಸಿದರು. ಅಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಟನ್ ಇದೆ ಎಂದಲ್ಲ. ಅಗೆದು ಉಳಿದ ಕೆಸರನ್ನು ಎಲ್ಲಿ, ಯಾರ ಖರ್ಚಿನಲ್ಲಿ, ಎಷ್ಟು ವರ್ಷ ಕಾಯುತ್ತೀರಿ ಎಂದು. ಆ ಹಣವನ್ನು ಮೊದಲ ಗುದ್ದಲಿ ಬೀಳುವ ಮುನ್ನವೇ ಪೂರ್ತಿ ಠೇವಣಿ ಇಡಿಸಬೇಕು. ರೇಂಜರಿನ ಅನುಭವದ ನಂತರ ಇದಕ್ಕಿಂತ ಕಡಿಮೆ ಕೇಳುವುದು ಅವಿವೇಕ.

ಗಣಿ ಮುಚ್ಚಿದ ಮೇಲೆ ಉಳಿಯುವುದೇನೆಂದು ತಿಳಿಯಲು ಮಲೆನಾಡಿನ ವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು. ಲಕ್ಯಾ ಅಣೆಕಟ್ಟೆಯ ಹಿಂದಿನ ಹೂಳು ಮಾತ್ರ ಅಲ್ಲೇ ನಿಂತಿದೆ, ಪ್ರತಿ ಮಳೆಗಾಲದಲ್ಲಿಯೂ. ಅದು ಕಬ್ಬಿಣದ ಹೂಳು, ಯುರೇನಿಯಂನದಲ್ಲ ಎಂಬುದಷ್ಟೇ ಸಮಾಧಾನ.

ರೇಂಜರ್ ನೆಲದ ಪುನರ್ವಸತಿ 2026ರ ಜನವರಿಯೊಳಗೆ ಮುಗಿಯಬೇಕೆಂದು ಮೊದಲು ಗಡುವಿತ್ತು. ಸಾಧ್ಯವಿಲ್ಲವೆಂದು ಖಚಿತವಾದ ಮೇಲೆ 2022ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದು ಕಾಲಾವಕಾಶ ವಿಸ್ತರಿಸಲಾಯಿತು. ಮೊದಲನೆಯ ಹೊಂಡವನ್ನು 2020ರಲ್ಲಿ ಮಟ್ಟಮಾಡಿ, ಆ ಮೇಲೆ ಸ್ಥಳೀಯ ಜಾತಿಯ ಸಸಿಗಳನ್ನು ನೆಡಲಾಗಿದೆ. ಅವುಗಳ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ, ಕೆಳಗಿನ ಕೆಸರು ಕುಸಿದಂತೆ ಮೇಲಿನ ಮಣ್ಣು ಎಷ್ಟು ಕುಸಿಯುತ್ತದೆ, ಮಳೆಗಾಲದ ನೀರು ಯಾವ ಬಿರುಕಿನಲ್ಲಿ ಒಳಗಿಳಿಯುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆಯುತ್ತಲೇ ಇರಬೇಕಾಗಿದೆ.