ಬಣ್ಣವೋ, ಕಪ್ಪೋ?

ಇಂದು ಸಣ್ಣ ಕಛೇರಿಗಳಲ್ಲಿಯೂ ಪ್ರಿಂಟರ್ ಇದ್ದೇ ಇರುತ್ತದೆ. ಹಾಳೆಯನ್ನು ಅಚ್ಚು ಮಾಡಲು ಹೊರಟವನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಬಣ್ಣದಲ್ಲಿ ಮುದ್ರಿಸಬೇಕೋ, ಕಪ್ಪು-ಬಿಳುಪಿನಲ್ಲಿಯೋ? ಇದು ಕ್ಷುಲ್ಲಕವಾದ ಪ್ರಶ್ನೆಯೆಂದು ಅನೇಕರು ಯೋಚಿಸದೆಯೇ ಗುಂಡಿಯನ್ನು ಒತ್ತಿಬಿಡುತ್ತಾರೆ. ಆದರೆ ಇದಕ್ಕೆ ಕೊಡುವ ಉತ್ತರದಲ್ಲಿ ನಮ್ಮ ವಿವೇಕದ ಪರೀಕ್ಷೆ ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಬಣ್ಣದ ಮುದ್ರಣಕ್ಕೆ ಸಾಮಾನ್ಯವಾಗಿ ನಾಲ್ಕು ಶಾಯಿಗಳು ಬೇಕು: ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ನೇರಳೆಗೆಂಪು, ಹಳದಿ ಮತ್ತು ಕಪ್ಪು. ಇವುಗಳ ಅತಿ ಸೂಕ್ಷ್ಮವಾದ ಚುಕ್ಕೆಗಳು ಕಣ್ಣಿನಲ್ಲಿ ಬೆರೆತು ನಾನಾ ಛಾಯೆಗಳಾಗಿ ತೋರುತ್ತವೆ. ಮೊದಲಿನ ಮೂರನ್ನು ಬೆರೆಸಿದರೆ ಅಚ್ಚ ಕಪ್ಪು ಬಾರದೆ ಮಂಕಾದ ಕಂದು ಬರುತ್ತದೆ. ಆದುದರಿಂದಲೇ ಕಪ್ಪನ್ನು ಪ್ರತ್ಯೇಕವಾಗಿ ಇಡುತ್ತಾರೆ. ಬಣ್ಣ ತುಂಬಿದ ಒಂದು ಪುಟಕ್ಕೆ ಕಪ್ಪಕ್ಷರದ ಪುಟಕ್ಕಿಂತ ಹಲವು ಪಟ್ಟು ಹೆಚ್ಚು ವೆಚ್ಚವಾಗುತ್ತದೆ. ಸರಕಾರಿ ಕಛೇರಿಯಲ್ಲಾದರೆ ಆ ವೆಚ್ಚವನ್ನು ತೆರುವವರು ಜನರೇ. ಸುತ್ತೋಲೆಯ ತಲೆಬರಹಕ್ಕೆ ಕೆಂಪು, ಹಾಜರಿಪಟ್ಟಿಯ ಅಂಚಿಗೆ ಹಸಿರು ಬಳ್ಳಿ, ಇವೆಲ್ಲ ದುಂದುಗಾರಿಕೆಯಲ್ಲದೆ ಮತ್ತೇನು?

ಹಾಗೆಂದು ಬಣ್ಣವೆಲ್ಲವೂ ಆಡಂಬರವಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟವೊಂದನ್ನು ನೋಡಿರಿ. ಅದರಲ್ಲಿ ನೀರಿಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿಯ ನೆಲಕ್ಕೆ ಹಳದಿ. ನೆಲದ ಎತ್ತರವನ್ನು ತಿಳಿಸುವ ರೇಖೆಗಳು ಕಂದು. ಅದನ್ನೇ ಕಪ್ಪಿನಲ್ಲಿ ಅಚ್ಚು ಮಾಡಿದರೆ ಹಳ್ಳವಾವುದು, ಬೆಟ್ಟದ ರೇಖೆಯಾವುದು ಎಂದು ತಿಳಿಯಲು ಓದುವವನು ತಿಣುಕಬೇಕಾಗುತ್ತದೆ. ಅಲ್ಲಿ ಬಣ್ಣವು ಅಲಂಕಾರವಲ್ಲ, ಭಾಷೆ.

ಈ ಭೇದವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ನಾನು ಕೆಲಸದಲ್ಲಿದ್ದ ಕಛೇರಿಯಿಂದ ಹಳ್ಳಿಯೊಂದಕ್ಕೆ ಕೊಳವೆಬಾವಿಗಳ ಪಟ್ಟಿಯನ್ನು ಕಳುಹಿಸಬೇಕಾಗಿತ್ತು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಬಹುಕಾಲ ಕುಡಿದರೆ ಹಲ್ಲು ಮೂಳೆಗಳಿಗೆ ಕೇಡು. ಅಂತಹ ಬಾವಿಗಳ ಮುಂದೆ ಕೆಂಪು ಚುಕ್ಕೆಯನ್ನೂ ಉಳಿದವುಗಳ ಮುಂದೆ ಹಸಿರು ಚುಕ್ಕೆಯನ್ನೂ ಹಾಕಲಾಗಿತ್ತು. ಖರ್ಚನ್ನು ಉಳಿಸುವ ಉತ್ಸಾಹದಲ್ಲಿ ನಾನು ಅದನ್ನು ಕಪ್ಪಿನಲ್ಲಿಯೇ ಮುದ್ರಿಸಿ ಕಳುಹಿಸಿದೆನು. ಎರಡು ದಿನಗಳ ಬಳಿಕ ಆ ಊರಿನ ಹಿರಿಯರೊಬ್ಬರು ಹಾಳೆಯನ್ನು ಹಿಡಿದು ಬಂದರು. “ಇದರಲ್ಲಿ ನಮ್ಮ ಮಕ್ಕಳು ಯಾವ ಬಾವಿಯ ನೀರು ಕುಡಿಯಬೇಕು ಸ್ವಾಮಿ?” ಎಂದು ಕೇಳಿದರು. ನೋಡುತ್ತೇನೆ, ಎಲ್ಲ ಚುಕ್ಕೆಗಳೂ ಒಂದೇ ಬೂದುಬಣ್ಣವಾಗಿದ್ದವು! ನಾನು ನಾಚಿಕೆಯಿಂದ ತಲೆತಗ್ಗಿಸಿದೆನು.

ಮರುದಿನ ಪಟ್ಟಿಯನ್ನು ತಿದ್ದಿದೆನು. ಆಗಲೂ ಬಣ್ಣವನ್ನು ಬಳಸಲಿಲ್ಲ. ಪ್ರತಿಯೊಂದು ಬಾವಿಯ ಮುಂದೆಯೂ ‘ಕುಡಿಯಬಹುದು’ ಅಥವಾ ‘ಕುಡಿಯಬಾರದು’ ಎಂದು ದಪ್ಪಕ್ಷರದಲ್ಲಿ ಬರೆಯಿಸಿದೆನು. ಕೆಂಪು-ಹಸಿರುಗಳ ಭೇದ ಕಾಣದ ಕಣ್ಣುಳ್ಳವರಿಗೂ ಅದು ಅರ್ಥವಾಗುವಂತಿತ್ತು. ನೆರಳಚ್ಚು ಪ್ರತಿಗಳನ್ನು ತೆಗೆದರೂ ಅದರ ಅರ್ಥ ಕೆಡುವಂತಿರಲಿಲ್ಲ.

ಮಿತವ್ಯಯವೆಂದರೆ ಕೇವಲ ಶಾಯಿಯನ್ನು ಉಳಿಸುವುದಲ್ಲ. ಓದುವವನಿಗೆ ಅಗತ್ಯವಾದುದನ್ನು ಕೊಟ್ಟು ಅನಗತ್ಯವಾದುದನ್ನು ಬಿಡುವುದೇ ನಿಜವಾದ ಮಿತವ್ಯಯ. ಆದುದರಿಂದ ಗುಂಡಿಯನ್ನು ಒತ್ತುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಬಣ್ಣವನ್ನು ತೆಗೆದರೆ ಓದುವವನಿಗೆ ನಷ್ಟವಾಗುವುದೇ? ಆಗದಿದ್ದರೆ ಕಪ್ಪೇ ಸಾಕು. ಆಗುವುದಾದರೆ, ಮಾತಿನಿಂದ ಅದನ್ನು ತುಂಬಲು ಸಾಧ್ಯವೇ ಎಂದು ನೋಡಬೇಕು. ಸಾಧ್ಯವಿಲ್ಲದಲ್ಲಿ ಬಣ್ಣಕ್ಕೆ ಹಿಂಜರಿಯಬಾರದು.